ಜೋಡಿಯಾಟದ ಹಿರಿಮೆ

ಗೆಲುವನ್ನು ಒಬ್ಬರ ಹೆಸರಿಗೆ ಬರೆಯುವುದು ಲೋಕದ ರೂಢಿ. ನೂರಾರು ಕೈಗಳು ಸೇರಿ ಕಟ್ಟಿದ ಸೇತುವೆ ಒಬ್ಬರ ಹೆಸರಿನಿಂದ ಕರೆಸಿಕೊಳ್ಳುತ್ತದೆ. ಸೈನ್ಯವೆಲ್ಲ ಹೋರಾಡಿ ಪಡೆದ ವಿಜಯ ಸೇನಾಪತಿಯ ಕೀರ್ತಿಯಾಗಿ ಉಳಿಯುತ್ತದೆ. ಕ್ರೀಡಾಜಗತ್ತೂ ಈ ರೂಢಿಗೆ ಹೊರತಲ್ಲ. ಟೆನಿಸ್ ಆಟದಲ್ಲಂತೂ ಇದು ಎದ್ದು ಕಾಣುತ್ತದೆ. ಒಬ್ಬರಿಗೆದುರಾಗಿ ಒಬ್ಬರು ಆಡುವ ಸಿಂಗಲ್ಸ್ ಪಂದ್ಯಕ್ಕೆ ಜನ ಕಿಕ್ಕಿರಿದು ಸೇರುತ್ತಾರೆ. ಇಬ್ಬರಿಗೆದುರಾಗಿ ಇಬ್ಬರು ಆಡುವ ಡಬಲ್ಸ್ ಪಂದ್ಯ ಆರಂಭವಾಗುವ ಹೊತ್ತಿಗೆ ಆಸನಗಳು ಬರಿದಾಗತೊಡಗುತ್ತವೆ. ಮರುದಿನದ ಪತ್ರಿಕೆಯಲ್ಲಿ ಸಿಂಗಲ್ಸ್ ವಿಜೇತೆಯ ಚಿತ್ರ ಕಣ್ಸೆಳೆಯುವಂತೆ ಅಚ್ಚಾಗಿದ್ದರೆ, ಡಬಲ್ಸ್ ವಿಜೇತೆಯರ ಹೆಸರು ಪುಟದ ಮೂಲೆಯೊಂದರಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಸಿಂಗಲ್ಸ್ ಹಿರಿದು, ಡಬಲ್ಸ್ ಕಿರಿದು ಎಂಬ ಎಣಿಕೆ ಹೀಗೆ ಬೇರೂರಿದೆ. ಈ ಎಣಿಕೆ ನ್ಯಾಯವಾದುದೇ? ಮಹಿಳೆಯರ ಡಬಲ್ಸ್‌ನ ಚರಿತ್ರೆಯನ್ನೂ ಆ ಆಟದ ಮರ್ಮವನ್ನೂ ಬಲ್ಲವರು ಹೌದೆನ್ನಲಾರರು.

ಟೆನಿಸ್ ಪಂದ್ಯಾವಳಿಗಳಲ್ಲಿ ಅತ್ಯಂತ ಹಳೆಯದು ಲಂಡನ್ ನಗರದ ವಿಂಬಲ್ಡನ್‌ನಲ್ಲಿ ನಡೆಯುವ ಪಂದ್ಯಾವಳಿ. ಅದು 1877ರಲ್ಲಿ ಆರಂಭವಾದಾಗ ಅಲ್ಲಿ ಪುರುಷರ ಸಿಂಗಲ್ಸ್ ಒಂದೇ ಇತ್ತು. ಮಹಿಳೆಯರು ಅಲ್ಲಿ ಆಡಲು 1884ರವರೆಗೆ ಕಾಯಬೇಕಾಯಿತು. ಮಹಿಳೆಯರ ಡಬಲ್ಸ್‌ಗೆ ಅಧಿಕೃತ ಸ್ಥಾನ ದೊರೆತುದು ಇನ್ನೂ ತಡವಾಗಿ, 1913ರಲ್ಲಿ. ಹಣಕ್ಕಾಗಿ ಆಡುವ ವೃತ್ತಿಪರ ಆಟಗಾರರಿಗೆ ಈ ಪಂದ್ಯಾವಳಿಯ ಬಾಗಿಲು ತೆರೆದುದು 1968ರಲ್ಲಿ. ಮಹಿಳೆಯರಿಗೂ ಪುರುಷರಿಗೂ ಸಮಾನ ಬಹುಮಾನ ನೀಡುವ ನಿಯಮ ಬಂದುದು 2007ರಲ್ಲಿ. ಒಂದೊಂದು ಹೆಜ್ಜೆಯೂ ದೀರ್ಘವಾದ ಒತ್ತಾಯದ ಫಲ. ಆದರೆ ಈ ಸಮಾನತೆ ಸ್ತ್ರೀ ಪುರುಷರ ನಡುವಿನದು. ಸಿಂಗಲ್ಸ್ ಮತ್ತು ಡಬಲ್ಸ್‌ಗಳ ನಡುವಿನ ಅಂತರ ಹಾಗೆಯೇ ಉಳಿಯಿತು.

ಡಬಲ್ಸ್ ಎಂದರೆ ಇಬ್ಬರು ಸೇರಿ ಆಡುವ ಸಿಂಗಲ್ಸ್ ಎಂದು ಭಾವಿಸುವವರುಂಟು. ಇದು ಸರಿಯಲ್ಲ. ಅಂಕಣದ ಉದ್ದ ಎರಡರಲ್ಲಿಯೂ 78 ಅಡಿ. ಸಿಂಗಲ್ಸ್‌ನಲ್ಲಿ ಅದರ ಅಗಲ 27 ಅಡಿಯಾದರೆ ಡಬಲ್ಸ್‌ನಲ್ಲಿ 36 ಅಡಿ. ಎಂದರೆ ಅಗಲ ಮೂರನೆಯ ಒಂದು ಭಾಗದಷ್ಟು ಮಾತ್ರ ಹೆಚ್ಚುತ್ತದೆ. ಕಾಯುವವರ ಸಂಖ್ಯೆಯಾದರೋ ಇಮ್ಮಡಿಯಾಗುತ್ತದೆ. ಸಿಂಗಲ್ಸ್‌ನಲ್ಲಿ ಎದುರಾಳಿಯನ್ನು ಒಂದು ಬದಿಗೆ ಓಡಿಸಿದರೆ ಮತ್ತೊಂದು ಬದಿ ಬರಿದಾಗುತ್ತದೆ. ಡಬಲ್ಸ್‌ನಲ್ಲಿ ಅಂಥ ಬರಿದಾದ ಜಾಗ ತಾನಾಗಿ ದೊರೆಯುವುದು ಅಪರೂಪ; ಅದನ್ನು ಜಾಣ್ಮೆಯಿಂದ ಸೃಷ್ಟಿಸಿಕೊಳ್ಳಬೇಕು. ಬರಿಯ ತೋಳ್ಬಲದಿಂದ ಅಪ್ಪಳಿಸಿದ ಚೆಂಡನ್ನು ಬಲೆಯ ಬಳಿ ನಿಂತ ಎದುರಾಳಿ ಕ್ಷಣಾರ್ಧದಲ್ಲಿ ತಡೆದು, ಅದೇ ವೇಗದಿಂದ ಹಿಂದಕ್ಕೆ ಕಳುಹಿಸುತ್ತಾಳೆ. ಆದುದರಿಂದ ಇಲ್ಲಿ ಚೆಂಡನ್ನು ಓರೆಯಾಗಿ ಕಳುಹಿಸುವ ಕೌಶಲ, ತಲೆಯ ಮೇಲಿಂದ ಹಾರಿಸುವ ಚಾತುರ್ಯ, ಕಾಲ ಬಳಿಗೇ ಬೀಳಿಸುವ ನಯ ಮತ್ತು ಎಲ್ಲಕ್ಕೂ ಮಿಗಿಲಾಗಿ ಮುನ್ನೋಟ ಬೇಕಾಗುತ್ತವೆ.

ಇವೆಲ್ಲ ಕೈಯ ಕೌಶಲಗಳಾದವು. ಇವುಗಳಿಗಿಂತ ಕಠಿಣವಾದುದು ಮನಸ್ಸಿನ ಹೊಂದಾಣಿಕೆ. ಚೆಂಡು ಇಬ್ಬರ ನಡುವೆ ಬಂದಾಗ ಅದನ್ನು ಹೊಡೆಯಬೇಕಾದವರು ಯಾರು? ಮಾತನಾಡಿ ನಿರ್ಧರಿಸಲು ಅಲ್ಲಿ ಸಮಯವಿಲ್ಲ. ಇಬ್ಬರೂ ಮುನ್ನುಗ್ಗಿದರೆ ರ‍್ಯಾಕೆಟ್‌ಗಳು ಒಂದಕ್ಕೊಂದು ಬಡಿಯುತ್ತವೆ. ಇಬ್ಬರೂ ಹಿಂಜರಿದರೆ ಚೆಂಡು ಯಾರ ಅಂಕೆಗೂ ಸಿಗದೆ ಸಾಗಿಹೋಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥ ಜೋಡಿಗೆ ಚೆನ್ನಾಗಿ ಒಪ್ಪುತ್ತದೆ. ಬಲ್ಲ ಜೋಡಿಗಳ ನಡತೆಯೇ ಬೇರೆ. ಬಲೆಯ ಬಳಿ ನಿಂತವಳು ಬೆನ್ನ ಹಿಂದೆ ಬೆರಳುಗಳಿಂದ ಸಂಜ್ಞೆ ಮಾಡಿ, ತಾನು ಯಾವ ಕಡೆಗೆ ಚಲಿಸುವೆನೆಂಬುದನ್ನು ಸರ್ವ್ ಮಾಡುವ ಗೆಳತಿಗೆ ಮೊದಲೇ ತಿಳಿಸುತ್ತಾಳೆ. ಅವಳು ಎಡಕ್ಕೆ ಸರಿದರೆ ಇವಳು ಬಲವನ್ನು ತುಂಬುತ್ತಾಳೆ. ಒಬ್ಬಳ ಕೈ ಸೋತ ದಿನ ಇನ್ನೊಬ್ಬಳು ಹೆಚ್ಚಿನ ಭಾರ ಹೊರುತ್ತಾಳೆ. ಜೋಡಿಯಲ್ಲಿ ಒಬ್ಬೊಬ್ಬಳಿಗೂ ಸರ್ವ್ ಮಾಡುವ ಸರದಿ ನಾಲ್ಕು ಗೇಮ್‌ಗಳಿಗೊಮ್ಮೆ ಬರುತ್ತದೆ. ಉಳಿದ ಹೊತ್ತಿನಲ್ಲಿ ಎದುರಾಳಿಗಳ ಸರ್ವ್ ಎದುರಿಸುವುದು, ಇಲ್ಲವೆ ಗೆಳತಿಯ ಸರ್ವ್‌ಗೆ ಒತ್ತಾಸೆಯಾಗಿ ನಿಲ್ಲುವುದು ಅವಳ ಕೆಲಸ. ಒಂದು ಹೊಡೆತಕ್ಕೆ ದಾರಿಮಾಡಿಕೊಟ್ಟು, ಆ ಹೊಡೆತದ ಕೀರ್ತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಮನಸ್ಸು ಇಲ್ಲದವರಿಗೆ ಈ ಆಟ ಒಲಿಯದು.

ಈ ಮಾತಿಗೆ 2015ರ ವಿಂಬಲ್ಡನ್ ಮಹಿಳೆಯರ ಡಬಲ್ಸ್ ಉತ್ತಮ ನಿದರ್ಶನ. ಹೈದರಾಬಾದಿನಲ್ಲಿ ಬೆಳೆದ ಸಾನಿಯಾ ಮಿರ್ಜಾ ಮತ್ತು ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಆ ವರ್ಷದ ಮಾರ್ಚ್ ತಿಂಗಳಲ್ಲಿ ಜೊತೆಗೂಡಿದ್ದರು. ಇಬ್ಬರ ಹಿನ್ನೆಲೆಗಳೂ ಬೇರೆಬೇರೆ. ಹಿಂಗಿಸ್ 1997ರಲ್ಲಿ, ಹದಿನಾರರ ಹರೆಯದಲ್ಲೇ, ಸಿಂಗಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದ್ದವರು. ಅದೇ ವರ್ಷ ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿಯನ್ನೂ ಗೆದ್ದವರು. ಬಳಿಕ ಆಟದಿಂದ ದೂರ ಸರಿದು, 2013ರಲ್ಲಿ ಡಬಲ್ಸ್‌ಗೆಂದು ಹಿಂದಿರುಗಿದ್ದರು. ಸಾನಿಯಾ 2003ರಲ್ಲಿ ವಿಂಬಲ್ಡನ್ನಿನ ಬಾಲಕಿಯರ ಡಬಲ್ಸ್ ಪ್ರಶಸ್ತಿ ಪಡೆದವರು. 2006ರಲ್ಲಿ ಬೆಂಗಳೂರಿನಲ್ಲಿ ನಡೆದ ವೃತ್ತಿಪರ ಪಂದ್ಯಾವಳಿಯಲ್ಲಿ ಲೀಜೆಲ್ ಹ್ಯೂಬರ್ ಅವರೊಡನೆ ಡಬಲ್ಸ್ ಗೆದ್ದವರು. ಸಿಂಗಲ್ಸ್‌ನಲ್ಲಿ 2007ರಲ್ಲಿ ಜಗತ್ತಿನ 27ನೆಯ ಸ್ಥಾನದವರೆಗೆ ಏರಿದ್ದ ಅವರು, ಗಾಯಗಳ ಬಾಧೆಯಿಂದಾಗಿ ಮುಂದೆ ಡಬಲ್ಸ್‌ಗೆ ತಮ್ಮನ್ನು ಮೀಸಲಿಟ್ಟಿದ್ದರು. ಸಾನಿಯಾ ಅವರ ಬಲ ಅಂಕಣದ ಹಿಂಬದಿಯಿಂದ ಬಾರಿಸುವ ಬಿರುಸಾದ ಮುಂಗೈ ಹೊಡೆತ. ಹಿಂಗಿಸ್ ಅವರ ಬಲ ಬಲೆಯ ಬಳಿಯ ಚುರುಕು ಮತ್ತು ಎದುರಾಳಿಯ ಮನಸ್ಸನ್ನು ಮೊದಲೇ ಓದುವ ಬುದ್ಧಿ. ಒಬ್ಬರಲ್ಲಿ ಇಲ್ಲದುದು ಇನ್ನೊಬ್ಬರಲ್ಲಿತ್ತು.

ಜುಲೈ 11ರಂದು ನಡೆದ ಅಂತಿಮ ಪಂದ್ಯದಲ್ಲಿ ಅವರಿಗೆ ಎದುರಾದವರು ರಷ್ಯದ ಎಕಟೆರಿನಾ ಮಕರೋವಾ ಮತ್ತು ಎಲೆನಾ ವೆಸ್ನಿನಾ. ಅವರೂ ಸಾಮಾನ್ಯರಲ್ಲ, ಫ್ರಾನ್ಸ್ ಮತ್ತು ಅಮೆರಿಕಗಳ ಮಹಾ ಪಂದ್ಯಾವಳಿಗಳನ್ನು ಅದಾಗಲೇ ಗೆದ್ದಿದ್ದ ಜೋಡಿ. ಮೊದಲ ಸೆಟ್ 7-5ರಿಂದ ರಷ್ಯದ ಜೋಡಿಯ ಪಾಲಾಯಿತು. ಎರಡನೆಯದನ್ನು ಸಾನಿಯಾ ಮತ್ತು ಹಿಂಗಿಸ್ 7-6ರಿಂದ ಗೆದ್ದುಕೊಂಡರು. ನಿರ್ಣಾಯಕವಾದ ಮೂರನೆಯ ಸೆಟ್‌ನಲ್ಲಿ ಅವರು 2-5ರಿಂದ ಹಿಂದೆ ಬಿದ್ದರು. ಇನ್ನೊಂದೇ ಗೇಮ್ ಎದುರಾಳಿಗಳಿಗೆ ದೊರೆತಿದ್ದರೆ ಆಟ ಮುಗಿಯುತ್ತಿತ್ತು. ಇಂಥ ಗಳಿಗೆಯಲ್ಲಿ ಜೋಡಿಗಳು ಒಡೆಯುವುದು ಸಹಜ. ತಪ್ಪು ನಿನ್ನದು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಂದು ನಿಟ್ಟುಸಿರು, ಒಂದು ಓರೆನೋಟ ಸಾಕು. ಆದರೆ ಆ ಇಬ್ಬರು ಒಂದೊಂದೇ ಅಂಕವನ್ನು ಕೂಡಿಸುತ್ತ 5-5ಕ್ಕೆ ತಲುಪಿದರು. ಆ ವೇಳೆಗೆ ಸಂಜೆಯ ಬೆಳಕು ಕುಂದಿದ್ದರಿಂದ ಆಟವನ್ನು ನಿಲ್ಲಿಸಿ, ಅಂಕಣದ ಮೇಲ್ಛಾವಣಿಯನ್ನು ಮುಚ್ಚಿ ದೀಪ ಬೆಳಗಿಸಲಾಯಿತು. ಆಟ ಮತ್ತೆ ಮೊದಲಾದಾಗ ಉಳಿದೆರಡು ಗೇಮ್‌ಗಳನ್ನೂ ಗೆದ್ದು, 7-5ರಿಂದ ಸೆಟ್ಟನ್ನೂ ಪ್ರಶಸ್ತಿಯನ್ನೂ ಅವರು ತಮ್ಮದಾಗಿಸಿಕೊಂಡರು. ವಿಂಬಲ್ಡನ್ನಿನಲ್ಲಿ ಮಹಿಳೆಯರ ಡಬಲ್ಸ್ ಗೆದ್ದ ಮೊದಲ ಭಾರತೀಯ ಮಹಿಳೆಯೆಂಬ ಗೌರವ ಸಾನಿಯಾ ಅವರದಾಯಿತು. ಹಿಂಗಿಸ್ ಅವರಿಗೆ ಆ ಪ್ರಶಸ್ತಿ ಹದಿನೇಳು ವರ್ಷಗಳ ಅನಂತರ ಮತ್ತೆ ಒಲಿದಿತ್ತು. ಈ ಜೋಡಿ ಅದೇ ವರ್ಷ ಅಮೆರಿಕದಲ್ಲಿಯೂ 2016ರ ಆರಂಭದಲ್ಲಿ ಆಸ್ಟ್ರೇಲಿಯದಲ್ಲಿಯೂ ಗೆದ್ದಿತು. ಸತತವಾಗಿ 41 ಪಂದ್ಯಗಳಲ್ಲಿ ಸೋಲರಿಯದೆ ಉಳಿಯಿತು.

ಇಂಥ ಆಟಕ್ಕೆ ದೊರೆಯುವ ಮನ್ನಣೆಯಾದರೂ ಎಷ್ಟು? 2015ರ ವಿಂಬಲ್ಡನ್ನಿನಲ್ಲಿ ಸಿಂಗಲ್ಸ್ ವಿಜೇತೆಗೆ ದೊರೆತ ಬಹುಮಾನ 18,80,000 ಪೌಂಡ್. ಡಬಲ್ಸ್ ಗೆದ್ದ ಜೋಡಿಗೆ ದೊರೆತದ್ದು 3,40,000 ಪೌಂಡ್. ಅದನ್ನು ಇಬ್ಬರಿಗೂ ಹಂಚಿದರೆ ಒಬ್ಬೊಬ್ಬರಿಗೆ 1,70,000 ಪೌಂಡ್. ಎಂದರೆ ಸಿಂಗಲ್ಸ್ ವಿಜೇತೆಯ ಬಹುಮಾನದ ಹನ್ನೊಂದನೆಯ ಒಂದು ಭಾಗ. ವರ್ಷವಿಡೀ ನಡೆಯುವ ಇತರ ಪಂದ್ಯಾವಳಿಗಳಲ್ಲಿ ಡಬಲ್ಸ್‌ನ ಕಾಲಾವಕಾಶವೂ ಕುಗ್ಗಿದೆ. ಅಲ್ಲಿ ಮೂರನೆಯ ಸೆಟ್ಟಿಗೆ ಬದಲಾಗಿ ಹತ್ತು ಅಂಕಗಳ ಒಂದು ಕಿರು ಆಟದಿಂದ ಸೋಲು ಗೆಲುವುಗಳನ್ನು ನಿರ್ಣಯಿಸುತ್ತಾರೆ. ವಿಂಬಲ್ಡನ್ನಿನಲ್ಲಿಯೂ ಇದೇ ಪದ್ಧತಿ ಇದ್ದಿದ್ದರೆ, 2-5ರಿಂದ ಮೇಲೆದ್ದು ಬಂದ ಆ ಹೋರಾಟವನ್ನು ಜಗತ್ತು ಕಾಣುತ್ತಲೇ ಇರಲಿಲ್ಲ.

ಡಬಲ್ಸ್ ಅನ್ನು ಕಿರಿದೆನ್ನುವವರ ವಾದವನ್ನೂ ಕೇಳಬೇಕಾದುದು ನ್ಯಾಯ. ಜನ ಹಣ ಕೊಟ್ಟು ನೋಡಬಯಸುವುದು ಸಿಂಗಲ್ಸ್ ಅನ್ನು. ಹೆಚ್ಚಿನ ಆದಾಯ ಬರುವುದು ಅದರಿಂದಲೇ. ಆದುದರಿಂದ ಹೆಚ್ಚಿನ ಬಹುಮಾನವೂ ಅದಕ್ಕೇ ಸಲ್ಲಬೇಕು ಎಂಬುದು ಅವರ ಮೊದಲ ಮಾತು. ಸಿಂಗಲ್ಸ್‌ನಲ್ಲಿ ಅಗ್ರಸ್ಥಾನದಲ್ಲಿರುವ ಅನೇಕರು ದಣಿವನ್ನು ತಪ್ಪಿಸಲು ಡಬಲ್ಸ್‌ನಿಂದ ದೂರ ಉಳಿಯುತ್ತಾರೆ. ಶ್ರೇಷ್ಠರು ಆಡದ ಆಟ ಶ್ರೇಷ್ಠವಾಗುವುದೆಂತು ಎಂಬುದು ಎರಡನೆಯ ಮಾತು.

ಮೊದಲ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಇಬ್ಬರಿಗೂ ಸರಿಸಮನಾದ ಹಣ ಕೊಡಬೇಕೆಂದು ಡಬಲ್ಸ್‌ನ ಪಕ್ಷಪಾತಿಗಳೂ ಹಟ ಹಿಡಿಯಲಾರರು. ಆದರೆ ಜನರ ಆಸಕ್ತಿ ಆಕಾಶದಿಂದ ಉದುರುವುದಿಲ್ಲ, ಅದನ್ನು ಬೆಳೆಸಬೇಕಾಗುತ್ತದೆ. ಚಿಕ್ಕ ಅಂಕಣದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಆಡಿಸಿ, ಪತ್ರಿಕೆಗಳಲ್ಲಿ ಎರಡು ಸಾಲು ಬರೆದು, ಬಳಿಕ ಜನರಿಗೆ ಆಸಕ್ತಿಯಿಲ್ಲವೆಂದು ದೂರುವುದು ಗಿಡಕ್ಕೆ ನೀರೆರೆಯದೆ ಫಲವಿಲ್ಲವೆಂದು ಹಳಿದಂತೆ. ಮೇಲಾಗಿ, ಒಂದು ಕಾರ್ಯದ ಬೆಲೆಯನ್ನು ಅದನ್ನು ನೋಡಲು ನೆರೆದ ಜನರ ಸಂಖ್ಯೆಯಿಂದ ಮಾತ್ರ ಅಳೆಯುವುದಾದರೆ, ಲೋಕದ ಎಷ್ಟೋ ಸತ್ಕಾರ್ಯಗಳಿಗೆ ಬೆಲೆಯೇ ಇಲ್ಲದಂತಾದೀತು.

ಎರಡನೆಯ ಮಾತಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಅಮೆರಿಕದ ಎಲಿಜಬೆತ್ ರಯಾನ್ 1914ರಿಂದ 1934ರವರೆಗಿನ ಅವಧಿಯಲ್ಲಿ ವಿಂಬಲ್ಡನ್ನಿನಲ್ಲಿ ಮಹಿಳೆಯರ ಡಬಲ್ಸ್‌ನಲ್ಲಿ ಹನ್ನೆರಡು, ಮಿಶ್ರ ಡಬಲ್ಸ್‌ನಲ್ಲಿ ಏಳು, ಹೀಗೆ ಒಟ್ಟು ಹತ್ತೊಂಬತ್ತು ಪ್ರಶಸ್ತಿಗಳನ್ನು ಗೆದ್ದರು. ಸಿಂಗಲ್ಸ್ ಪ್ರಶಸ್ತಿ ಅವರಿಗೆ ಒಮ್ಮೆಯೂ ದೊರೆಯಲಿಲ್ಲ. ಆದರೂ ಅವರ ಒಟ್ಟು ದಾಖಲೆಯನ್ನು ಮೀರಲು ಜಗತ್ತಿಗೆ 45 ವರ್ಷಗಳು ಬೇಕಾದವು. 1979ರಲ್ಲಿ ಬಿಲ್ಲಿ ಜೀನ್ ಕಿಂಗ್ ತಮ್ಮ ಇಪ್ಪತ್ತನೆಯ ಪ್ರಶಸ್ತಿಯನ್ನು ಪಡೆದು ಆ ದಾಖಲೆಯನ್ನು ದಾಟಿದರು. ಅದೂ ಮಾರ್ಟಿನಾ ನವ್ರಾಟಿಲೋವಾ ಅವರೊಂದಿಗೆ ಆಡಿದ ಡಬಲ್ಸ್‌ನಲ್ಲಿ. ನವ್ರಾಟಿಲೋವಾ ಸಿಂಗಲ್ಸ್‌ನ ಮಹಾ ಆಟಗಾರ್ತಿಯರಲ್ಲಿ ಒಬ್ಬರು. ಅವರೇ ಪ್ಯಾಮ್ ಶ್ರೈವರ್ ಅವರೊಂದಿಗೆ 1984ರಲ್ಲಿ ನಾಲ್ಕು ಮಹಾ ಪಂದ್ಯಾವಳಿಗಳ ಡಬಲ್ಸ್ ಪ್ರಶಸ್ತಿಗಳನ್ನೂ ಗೆದ್ದರು. 1983ರಿಂದ 1985ರವರೆಗೆ ಈ ಜೋಡಿ ಸತತವಾಗಿ 109 ಪಂದ್ಯಗಳನ್ನು ಗೆದ್ದಿತು. ಶ್ರೇಷ್ಠರು ಡಬಲ್ಸ್ ಆಡುವುದಿಲ್ಲವೆಂಬ ಮಾತು ಎಲ್ಲ ಕಾಲಕ್ಕೂ ಸಲ್ಲುವಂಥದಲ್ಲ.

ಈ ವಾದವನ್ನು ಒರೆಗೆ ಹಚ್ಚಿದಂಥ ಘಟನೆಯೊಂದು 2025ರಲ್ಲಿ ನಡೆಯಿತು. ಅದು ಮಿಶ್ರ ಡಬಲ್ಸ್‌ಗೆ ಸೇರಿದುದಾದರೂ ಇಲ್ಲಿ ನೆನೆಯತಕ್ಕದ್ದು. ಅಮೆರಿಕದ ಮಹಾ ಪಂದ್ಯಾವಳಿಯ ವ್ಯವಸ್ಥಾಪಕರು ಜನಾಕರ್ಷಣೆಗಾಗಿ ಮಿಶ್ರ ಡಬಲ್ಸ್‌ನ ರೂಪವನ್ನೇ ಬದಲಿಸಿದರು. ಸಿಂಗಲ್ಸ್‌ನ ಪ್ರಖ್ಯಾತರನ್ನು ಆಹ್ವಾನಿಸಿ, ಪಂದ್ಯಗಳನ್ನು ಚಿಕ್ಕದಾಗಿಸಿ, ಎರಡೇ ದಿನಗಳಲ್ಲಿ ಮುಗಿಸಿದರು. ಡಬಲ್ಸ್ ಅನ್ನೇ ನಂಬಿದ ಬಹುತೇಕ ಆಟಗಾರರಿಗೆ ಅಲ್ಲಿ ಸ್ಥಳವಿರಲಿಲ್ಲ. ಹಿಂದಿನ ವರ್ಷದ ವಿಜೇತರಾದ ಇಟಲಿಯ ಸಾರಾ ಎರಾನಿ ಮತ್ತು ಆಂಡ್ರಿಯಾ ವವಾಸೊರಿ ಅವರಿಗೆ ಮಾತ್ರ ಅವಕಾಶ ದೊರೆಯಿತು. ಎರಾನಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾಸ್ಮಿನ್ ಪಾವೊಲಿನಿ ಅವರೊಂದಿಗೆ ಮಹಿಳೆಯರ ಡಬಲ್ಸ್ ಚಿನ್ನ ಗೆದ್ದವರು. ಸಿಂಗಲ್ಸ್‌ನ ಪ್ರಖ್ಯಾತರ ನಡುವೆ ಆಡಿ, ಅಂತಿಮ ಪಂದ್ಯದಲ್ಲಿ ಆ ವರ್ಷದ ವಿಂಬಲ್ಡನ್ ಸಿಂಗಲ್ಸ್ ವಿಜೇತೆ ಈಗಾ ಶ್ವಿಯಾಂಟೆಕ್ ಮತ್ತು ಕ್ಯಾಸ್ಪರ್ ರೂಡ್ ಅವರ ಜೋಡಿಯನ್ನು ಸೋಲಿಸಿ, ಪ್ರಶಸ್ತಿಯನ್ನು ಉಳಿಸಿಕೊಂಡವರು ಈ ಇಬ್ಬರೇ. ಇಬ್ಬರು ಪ್ರಬಲರನ್ನು ತಂದು ಪಕ್ಕಪಕ್ಕದಲ್ಲಿ ನಿಲ್ಲಿಸಿದ ಮಾತ್ರಕ್ಕೆ ಜೋಡಿಯಾಗದು ಎಂಬುದು ಎಲ್ಲರ ಕಣ್ಣೆದುರಿಗೇ ಸಿದ್ಧವಾಯಿತು.

ಜೋಡಿಯಾಟದ ಹಿರಿಮೆ ಅಂಕಣದ ಗೆರೆಗಳೊಳಗೆ ಮುಗಿಯುವುದಿಲ್ಲ. ಹಿಂದಿನ ಒಂದು ನಿದರ್ಶನ ಇದನ್ನು ಮನಗಾಣಿಸುತ್ತದೆ. ಅಮೆರಿಕದ ಆಲ್ತಿಯಾ ಗಿಬ್ಸನ್ ಕಪ್ಪು ಜನಾಂಗದ ಮಹಿಳೆ. ವರ್ಣಭೇದ ತಾಂಡವವಾಡುತ್ತಿದ್ದ ಆ ಕಾಲದಲ್ಲಿ, ತಮ್ಮ ದೇಶದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಲು ಅವರಿಗೆ ಅವಕಾಶ ದೊರೆತುದು 1950ರಲ್ಲಿ. ಅದಕ್ಕೆ ಮೊದಲು ಅವರ ಜನಾಂಗದ ಯಾರೂ ಅಲ್ಲಿ ಆಡಿರಲಿಲ್ಲ. ಇಂಗ್ಲೆಂಡಿನ ಏಂಜೆಲಾ ಬಕ್ಸ್‌ಟನ್ ಯಹೂದಿ ಮನೆತನದವರು. ಯಹೂದಿಯೆಂಬ ಕಾರಣಕ್ಕೆ ಅವರೂ ಟೆನಿಸ್ ವಲಯದಲ್ಲಿ ತಿರಸ್ಕಾರವನ್ನು ಉಂಡವರು. ಭಾರತದಲ್ಲಿ ನಡೆದ ಪಂದ್ಯಾವಳಿಯೊಂದರ ಸಂದರ್ಭದಲ್ಲಿ ಅವರ ಸ್ನೇಹ ಕುದುರಿತು. ಇಬ್ಬರನ್ನೂ ಹೊರಗಿನವರಂತೆ ಕಾಣುತ್ತಿದ್ದ ಸಮಾಜದಲ್ಲಿ ಅವರು ಒಬ್ಬರಿಗೊಬ್ಬರು ಒಳಗಿನವರಾದರು. 1956ರ ಫ್ರಾನ್ಸ್ ಪಂದ್ಯಾವಳಿಯ ಸಿಂಗಲ್ಸ್ ಉಪಾಂತ್ಯದಲ್ಲಿ ಅವರು ಎದುರಾಳಿಗಳಾಗಿ ಸೆಣಸಿದರು, ಗಿಬ್ಸನ್ ಗೆದ್ದರು. ಅದೇ ಪಂದ್ಯಾವಳಿಯ ಡಬಲ್ಸ್ ಪ್ರಶಸ್ತಿಯನ್ನು ಇಬ್ಬರೂ ಸೇರಿ ಗೆದ್ದರು. ಕೆಲವೇ ವಾರಗಳಲ್ಲಿ ವಿಂಬಲ್ಡನ್ ಡಬಲ್ಸ್ ಕೂಡ ಅವರದಾಯಿತು.

ಗಿಬ್ಸನ್ ಮುಂದೆ 1957 ಮತ್ತು 1958ರಲ್ಲಿ ವಿಂಬಲ್ಡನ್ ಸಿಂಗಲ್ಸ್ ಗೆದ್ದು ಜಗದ್ವಿಖ್ಯಾತರಾದರು. ಆದರೆ ಆ ಕಾಲದ ಟೆನಿಸ್ ಹೊಟ್ಟೆಗೆ ಹಿಟ್ಟು ಕೊಡುವಂಥದಾಗಿರಲಿಲ್ಲ. ಮುಪ್ಪಿನಲ್ಲಿ ಅವರು ಕಾಯಿಲೆಗೂ ಬಡತನಕ್ಕೂ ತುತ್ತಾದರು. 1995ರಲ್ಲಿ ಆ ಸಂಕಟದ ಗಳಿಗೆಯಲ್ಲಿ ಅವರು ದೂರವಾಣಿಯಲ್ಲಿ ಕರೆದುದು ಬಕ್ಸ್‌ಟನ್ ಅವರನ್ನು. ಬಕ್ಸ್‌ಟನ್ ತಾವು ನೆರವಾದುದಲ್ಲದೆ, ಟೆನಿಸ್ ಪತ್ರಿಕೆಯೊಂದರಲ್ಲಿ ಗಿಬ್ಸನ್ ಅವರ ಸ್ಥಿತಿಯನ್ನು ಕುರಿತ ಪತ್ರ ಪ್ರಕಟವಾಗುವಂತೆ ಮಾಡಿದರು. ನಾನಾ ದೇಶಗಳಿಂದ ಹಣ ಹರಿದುಬಂದಿತು. ಗಿಬ್ಸನ್ 2003ರಲ್ಲಿ ತೀರಿಕೊಳ್ಳುವವರೆಗೂ ಆ ಗೆಳೆತನ ಬಾಡಲಿಲ್ಲ. ಒಂದು ಬೇಸಿಗೆಯಲ್ಲಿ ಹೊಂದಿಕೊಂಡ ಹೆಜ್ಜೆಗಳು ನಲವತ್ತು ವರ್ಷಗಳ ಬಳಿಕವೂ ತಪ್ಪಲಿಲ್ಲ. ಯಾವ ಬಹುಮಾನದ ಮೊತ್ತದಿಂದ ಇದನ್ನು ಅಳೆಯಲಾದೀತು?

ಎಲ್ಲ ಜೋಡಿಗಳೂ ಇಷ್ಟು ಕಾಲ ಉಳಿಯುವುದಿಲ್ಲವೆಂಬುದೂ ನಿಜ. ಸಾನಿಯಾ ಮತ್ತು ಹಿಂಗಿಸ್ 2016ರ ಆಗಸ್ಟ್ ತಿಂಗಳಲ್ಲಿ ಬೇರೆಯಾದರು. ವೃತ್ತಿಪರ ಆಟದಲ್ಲಿ ಇದು ಸಾಮಾನ್ಯ. ಜೊತೆಗಿರುವಷ್ಟು ಕಾಲ ಪ್ರಾಮಾಣಿಕವಾಗಿ ಜೊತೆಗಿರುವುದು, ಅಗಲುವಾಗ ಪರಸ್ಪರ ಗೌರವದಿಂದ ಅಗಲುವುದು, ಇವೂ ಜೋಡಿಯಾಟ ಕಲಿಸುವ ಪಾಠಗಳೇ.

ಸಿಂಗಲ್ಸ್‌ನ ಮಹಿಮೆಯನ್ನು ಅಲ್ಲಗಳೆಯಬೇಕಾದ ಅಗತ್ಯವಿಲ್ಲ. ಒಬ್ಬಂಟಿಯಾಗಿ ನಿಂತು ಹೋರಾಡುವ ಧೈರ್ಯ ದೊಡ್ಡದು. ಅದಕ್ಕೆ ಸಲ್ಲುವ ಮನ್ನಣೆ ಸಲ್ಲಲಿ. ಆದರೆ ಮನುಷ್ಯನ ಬದುಕಿನಲ್ಲಿ ಒಬ್ಬಂಟಿ ಹೋರಾಟಗಳಿಗಿಂತ ಕೂಡಿ ಮಾಡುವ ಕಾರ್ಯಗಳೇ ಹೆಚ್ಚು. ಹೊಲದಲ್ಲಿ, ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ, ಮನೆಯಲ್ಲಿ ಕೆಲಸ ಸಾಗುವುದು ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವುದರಿಂದ. ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಆಟವನ್ನು ಕಿರಿದೆಂದು ತಳ್ಳಿಹಾಕುವ ಸಮಾಜ, ತನ್ನನ್ನು ಹೊತ್ತು ನಡೆಸುತ್ತಿರುವ ಗುಣವನ್ನೇ ಕಿರಿದುಮಾಡಿದಂತೆ. ಪಂದ್ಯಾವಳಿಗಳು ಡಬಲ್ಸ್‌ಗೆ ಒಳ್ಳೆಯ ಅಂಕಣವನ್ನೂ ತಕ್ಕ ಸಮಯವನ್ನೂ ಪೂರ್ಣವಾದ ಮೂರು ಸೆಟ್‌ಗಳನ್ನೂ ಕೊಡಬೇಕು; ಪತ್ರಿಕೆಗಳು ಇಬ್ಬರ ಹೆಸರುಗಳನ್ನೂ ಓದುವಷ್ಟು ದೊಡ್ಡದಾಗಿ ಅಚ್ಚುಹಾಕಬೇಕು; ಪ್ರೇಕ್ಷಕರು ಎದ್ದುಹೋಗುವ ಮೊದಲು ಒಂದು ಸೆಟ್ಟನ್ನಾದರೂ ನೋಡಬೇಕು. ಶಾಲೆಯ ಬಯಲಿನಲ್ಲಿ ಆಡುವ ಮಕ್ಕಳು, ಗೆದ್ದ ಹೊಡೆತಕ್ಕೆ ಚಪ್ಪಾಳೆ ತಟ್ಟುವಾಗ, ಆ ಹೊಡೆತಕ್ಕೆ ದಾರಿಮಾಡಿಕೊಟ್ಟವರ ಕಡೆಗೂ ಒಮ್ಮೆ ತಿರುಗಿ ನೋಡುವುದನ್ನು ಕಲಿಯಬೇಕು.

2015ರ ಆ ಸಂಜೆ ಗೆಲುವಿನ ಅಂಚಿನಿಂದ ಜಾರಿಬಿದ್ದ ಮಕರೋವಾ ಮತ್ತು ವೆಸ್ನಿನಾ ಅವರ ಮುಂದಿನ ಕಥೆಯನ್ನೂ ಇಲ್ಲಿ ಹೇಳಬೇಕು. 5-2ರ ಮುನ್ನಡೆಯನ್ನು ಕಳೆದುಕೊಂಡ ಸೋಲು ಅನೇಕ ಜೋಡಿಗಳನ್ನು ಒಡೆದೀತು. ಅವರು ಒಡೆಯಲಿಲ್ಲ. 2016ರಲ್ಲಿ ರಿಯೊ ಒಲಿಂಪಿಕ್ಸ್‌ನ ಚಿನ್ನವನ್ನು ಒಟ್ಟಿಗೆ ಗೆದ್ದರು. 2017ರಲ್ಲಿ ಮತ್ತೆ ವಿಂಬಲ್ಡನ್ ಡಬಲ್ಸ್‌ನ ಅಂತಿಮ ಪಂದ್ಯಕ್ಕೆ ಬಂದರು. ಎದುರಾಳಿಗಳಿಗೆ ಒಂದು ಗೇಮನ್ನೂ ಬಿಟ್ಟುಕೊಡದೆ 6-0, 6-0ರಿಂದ ಗೆದ್ದರು. ಸೋಲನ್ನು ಹಂಚಿಕೊಂಡವರಿಗೆ ಗೆಲುವನ್ನು ಹಂಚಿಕೊಳ್ಳುವುದು ಕಷ್ಟವಾಗಲಿಲ್ಲ.